ಸೋಸಿದ ಸದ್ದು

ನಮ್ಮ ಯಜಮಾನರಿಗೆ ಕಿವಿ ಕೇಳಿಸುವುದಿಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಗುಟ್ಟು. "ಏನ್ರೀ, ನಿಮ್ಮವರು ಕೂಗಿದ್ರೂ ತಿರುಗಿ ನೋಡಲ್ವಲ್ಲ?" ಎಂದು ಯಾರಾದರೂ ಕೇಳಿದರೆ, "ಕೆಲಸದಲ್ಲಿ ಮುಳುಗಿದ್ರೆ ಅವರು ಹಂಗೇ" ಎನ್ನುತ್ತಿದ್ದೆ. ಕೇಳಿದವರೂ "ಹೌದೌದು" ಎಂದು ತಲೆಯಾಡಿಸುತ್ತಿದ್ದರು. ಅವರಿಗೂ ಗೊತ್ತು, ನನಗೂ ಗೊತ್ತು, ಇಬ್ಬರದ್ದೂ ನಾಟಕ. ಮೂವತ್ತೈದು ವರ್ಷ ಓಡುವ ಇಂಜಿನ್ನಿನ ಪಕ್ಕ ತಲೆ ಇಟ್ಟ ಮನುಷ್ಯನಿಗೆ ಕಿವಿ ಉಳಿದಿದ್ದರೇ ಆಶ್ಚರ್ಯವಾಗುತ್ತಿತ್ತು. ಲಾರಿಯ ಗುಡುಗು, ಬಾಗಿಲು ಬಡಿದದ್ದು ಅಷ್ಟಿಷ್ಟು ತಿಳಿಯುತ್ತಿತ್ತು. ಮಾತು ಮಾತ್ರ ಬರೀ ಗೊಜಗೊಜ. ನನ್ನ ತುಟಿ ಓದಲು ಅವರಿಗೆ ಚೆನ್ನಾಗಿ ಬರುತ್ತಿತ್ತು. ಬೇರೆಯವರ ತುಟಿಯ ಗೋಜಿಗೆ ಅವರು ಹೋಗಲೇ ಇಲ್ಲ. ಗಿರಾಕಿ ಏನೋ ಹೇಳುವುದು, ಇವರು ನನ್ನ ಕಡೆ ತಿರುಗುವುದು, ನಾನು ಅದನ್ನು ಹೇಳುವುದು, ಇವರು ಉತ್ತರ ಕೊಡುವುದು. ನಮ್ಮ ಗಾಡಿ ರಿಪೇರಿ ಶೆಡ್ಡು ಹೀಗೇ ನಡೆದಿತ್ತು.

ನಾನು ಹೇಳುವಾಗ ಸೋಸಿ ಹೇಳುತ್ತಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. "ಈ ಮುದುಕನಿಗೆ ಒಂದು ಬ್ರೇಕು ಹಿಡಿಸೋಕೆ ಮೂರು ದಿನ ಬೇಕಾ?" ಎಂದು ಗಿರಾಕಿ ಹಲ್ಲು ಕಡಿದರೆ, ನಾನು ಇವರ ಕಡೆ ತಿರುಗಿ "ಸ್ವಲ್ಪ ಬೇಗ ಆಗತ್ತಾ ಅಂತಿದಾರೆ" ಎನ್ನುತ್ತಿದ್ದೆ. ಆ ಗಿರಾಕಿಯನ್ನು ಆಮೇಲೆ ಗೇಟಿನ ಹತ್ತಿರ ಹಿಡಿದು ನಾನೇ ಚೆನ್ನಾಗಿ ಉಗಿದಿರುತ್ತಿದ್ದೆ, ಆ ಮಾತು ಬೇರೆ. ನನ್ನ ಬಾಯಿ ಏನೂ ಸಕ್ಕರೆಯಲ್ಲ. ಆದರೆ ಅವರ ಮುಖದ ಮುಂದೆ ನಿಂತು ಕೆಟ್ಟ ಮಾತನ್ನು ತುಟಿ ಅಗಲಿಸಿ, ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಬೇಕಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಹೇಳಿ ನೋಡಿ, ಗೊತ್ತಾಗುತ್ತದೆ. ಆ ಚಳಿಗಾಲದಲ್ಲಿ ಕಿವಿ ಡಾಕ್ಟರು, "ಇನ್ನೊಂದು ವರ್ಷದಲ್ಲಿ ಪೂರ್ತಿ ಹೋಗತ್ತಮ್ಮ, ಅವರಿಗೆ ಹೇಳಿಬಿಡಿ" ಎಂದಿದ್ದರು. ಇವರು ನನ್ನ ಕಡೆ ನೋಡಿದರು. "ಹಿಂಗೇ ಇರತ್ತಂತೆ, ಇದಕ್ಕಿಂತ ಹೆಚ್ಚಾಗಲ್ವಂತೆ" ಎಂದೆ. ಡಾಕ್ಟರು ನನ್ನ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿಕೊಂಡರು.

ಇವರಿಗೆ ಟರ್ಬೋದ ಹುಚ್ಚು ಹತ್ತಿದ್ದು ಅದಾದ ಮೇಲಿನ ಬೇಸಿಗೆಯಲ್ಲಿ. ದೊಡ್ಡ ರಸ್ತೆಯಲ್ಲಿ ಹೊಸ ಸರ್ವಿಸ್ ಸೆಂಟರ್ ಆಗಿತ್ತು. ಗಾಜಿನ ಗೋಡೆ, ಒಳಗೆ ಟೈ ಕಟ್ಟಿದವರು, ಕಾರಿಗೆ ವೈರು ಚುಚ್ಚಿ ಕಂಪ್ಯೂಟರ್ ನೋಡುವವರು. ಅಲ್ಲಿಯವನೊಬ್ಬ ಯಾವುದೋ ಬಿಡಿಭಾಗ ಕೇಳಿಕೊಂಡು ನಮ್ಮ ಶೆಡ್ಡಿಗೆ ಬಂದ. ಮೂಲೆಯಲ್ಲಿ ನಮ್ಮ ಹಳೇ ಕಾರು ನಿಂತಿತ್ತು, ನಮ್ಮ ಮದುವೆಗಿಂತ ಹಳೆಯದು. "ಇದಕ್ಕೆ ಟರ್ಬೋ ಹಾಕೋಕಾಗತ್ತಾ?" ಎಂದು ಇವರು ಸುಮ್ಮನೆ ಕೇಳಿದರು. ಅವನು ನಕ್ಕು, "ಕಾರ್ಬೊರೇಟರ್ ಗಾಡಿಗಾ? ಕಂಪ್ಯೂಟರ್ ಇಲ್ದೆ ಹಾಕಿದ್ರೆ ಇಂಜಿನ್ ಸಿಡಿದು ಮುಖಕ್ಕೆ ಬರತ್ತೆ. ಇವರ ಕಾಲ ಮುಗೀತು, ಮನೇಲಿ ಕೂರೋಕೆ ಹೇಳಿ" ಎಂದ. "ಕಷ್ಟ ಅಂತಾರೆ" ಎಂದೆ ನಾನು.

"ಕಷ್ಟ ಅಂದ್ರೆ ಆಗತ್ತೆ ಅಂತ ಅರ್ಥ" ಎಂದರು ಇವರು.

ಮಾರನೆಯ ದಿನವೇ ಗುಜರಿಯಿಂದ ಯಾವುದೋ ಡೀಸೆಲ್ ವ್ಯಾನಿನ ಟರ್ಬೋ ಬಂತು. ಬಸವನ ಹುಳುವಿನ ಚಿಪ್ಪಿನಂಥ ಎರಡು ಕಬ್ಬಿಣದ ಗೂಡು, ಮಧ್ಯೆ ಒಂದು ಸರಳು, ಸರಳಿನ ಎರಡು ತುದಿಗೆ ಎರಡು ಚಕ್ರ. ಹೊಗೆ ಹೊರಗೆ ಹೋಗುವಾಗ ಒಂದು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಅದನ್ನು ಬೆಂಚಿನ ಮೇಲಿಟ್ಟು, ಬೆರಳಿನಿಂದ ತಿರುಗಿಸುತ್ತಾ ಅವರು ಒಂದು ಮಾತು ಹೇಳಿದರು.

"ನೋಡೇ, ಈ ಕಾರು ನೀರಿನ ಟ್ಯಾಂಕಿನ ಏರನ್ನ ಗೇರ್ ಇಳಿಸದೆ ಟಾಪ್ ಗೇರಲ್ಲೇ ಹತ್ತಬೇಕು. ಹತ್ತಿತು ಅಂದ್ರೆ ಶೆಡ್ಡು ತೆಗೆದಿರತ್ತೆ. ಹತ್ತಲಿಲ್ಲ, ಬೀಗ ಹಾಕ್ತೀನಿ."

"ಅದೇನು ಹಠ? ಈ ವಯಸ್ಸಲ್ಲಿ?"

"ಹಠ ಅಲ್ಲ ಕಣೇ. ಕಿವಿ ಹೋದ ಮೇಲೂ ನಾನು ಮೆಕ್ಯಾನಿಕ್ಕಾ ಅಲ್ವಾ ಅಂತ ನನಗೆ ಗೊತ್ತಾಗಬೇಡ್ವಾ?"

ಅವರ ದನಿಗೆ ಅಳತೆಯೇ ಇರಲಿಲ್ಲ. ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತಿತ್ತು. ಪಕ್ಕದ ಗೋಡೆಯಾಚೆ ಕಬ್ಬಿಣ ಕಡೆಯುವ ಲೇತು ಓಡುವುದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಲೇತಿನವನು ಇವರಿಗಿಂತ ಹತ್ತು ವರ್ಷ ಚಿಕ್ಕವನು. ಇವರನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಕೈ ಚಿನ್ನ, ಬಾಯಿ ಚರಂಡಿ. ಮನಸ್ಸಿಗೆ ಬಂದದ್ದು ಗಂಟಲಲ್ಲಿ ನಿಲ್ಲದೆ ಹೊರಗೆ ಬರುತ್ತದೆ. ಅವನ ಮಾತನ್ನು ಸೋಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ಸೋಸಿದರೆ ಕೊನೆಗೆ ಉಳಿಯುತ್ತಿದ್ದದ್ದು "ಹೂಂ" ಎನ್ನುವುದೊಂದೇ.

ಕೆಲಸ ಮೂರು ತಿಂಗಳು ಹಿಡಿಯಿತು. ಹೊಸ ಕಾರಾದರೆ ಗಾಳಿ ಹೆಚ್ಚಾದಾಗ ಪೆಟ್ರೋಲ್ ಎಷ್ಟು ಬಿಡಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹಳೇ ಕಾರಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಪಾಪ ಕುರುಡು. ಇಂಜಿನ್ ಎಳೆದಷ್ಟು ಕೊಡುತ್ತದೆ, ಅಷ್ಟೇ ಗೊತ್ತು ಅದಕ್ಕೆ. ಮೇಲಿನಿಂದ ಟರ್ಬೋ ಗಾಳಿ ಒತ್ತಿದರೆ ಪೆಟ್ರೋಲ್ ಮೇಲೆ ಬರುವ ಬದಲು ತನ್ನ ಬಟ್ಟಲಿನಲ್ಲೇ ಅಡಗಿ ಕೂರುತ್ತದೆ. ಅದಕ್ಕೇ ಇವರು ಇಡೀ ಕಾರ್ಬೊರೇಟರನ್ನು ಒಂದು ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಕೂರಿಸಿ, ಒಳಗೂ ಹೊರಗೂ ಒಂದೇ ಒತ್ತಡ ಇರುವ ಹಾಗೆ ಮಾಡಿದರು. ಪೆಟ್ಟಿಗೆಯ ಮುಚ್ಚಳಕ್ಕೆ, ಗಾಳಿ ಸೋರದ ಹಾಗೆ ಗ್ಯಾಸ್ಕೆಟ್ ಹಾಳೆ ಕತ್ತರಿಸಿದ್ದು ನಾನು, ನನ್ನ ಬಟ್ಟೆ ಹೊಲಿಯುವ ಕತ್ತರಿಯಲ್ಲಿ. ಆ ಕತ್ತರಿ ಆಮೇಲೆ ಬಟ್ಟೆ ಕತ್ತರಿಸಲಿಲ್ಲ, ಅಗಿಯಿತು.

ಲೇತಿನವನು ಬಂದು ಪೆಟ್ಟಿಗೆ ನೋಡಿದ. "ಏನತ್ತಿಗೆ ಇದು, ಅಣ್ಣ ಇಂಜಿನ್ನಿಗೆ ತಿಂಡಿ ಡಬ್ಬಿ ಕಟ್ಟಿದಾರೆ? ಮಧ್ಯಾಹ್ನಕ್ಕೆ ಹಸಿವಾದ್ರೆ ತಿನ್ನತ್ತಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಇವರು ನನ್ನ ಕಡೆ ನೋಡಿದರು. "ಅಚ್ಚುಕಟ್ಟಾಗಿ ಕೂತಿದೆ ಅಂತಾನೆ" ಎಂದೆ. ಇವರು ಅವನ ಬೆನ್ನು ತಟ್ಟಿದರು.

ಮೊದಲ ಸಲ ಒತ್ತಡ ಕೊಟ್ಟಾಗ ಬಟ್ಟಲಿನಲ್ಲಿ ತೇಲುವ ಹಿತ್ತಾಳೆಯ ಟೊಳ್ಳು ಗುಂಡು ಅಪ್ಪಚ್ಚಿಯಾಗಿ, ಪೆಟ್ರೋಲ್ ಉಕ್ಕಿ ನೆಲವೆಲ್ಲ ಹರಿಯಿತು. ಇವರಿಗೆ ಬೇಜಾರಾಗಲಿಲ್ಲ. ಗಟ್ಟಿಯಾದ, ಒಳಗೆ ಟೊಳ್ಳಿಲ್ಲದ ತೇಲುಗುಂಡು ಹುಡುಕಿ ಹಾಕಿದರು. ಒತ್ತಡ ತಡೆಯಲು ಇಂಜಿನ್ನಿನ ಮುಚ್ಚಳದ, ಅಂದರೆ ಹೆಡ್ಡಿನ, ಕೆಳಗೆ ದಪ್ಪ ತಾಮ್ರದ ತಗಡು ಬೇಕಾಯಿತು, ಅದನ್ನು ಲೇತಿನವನು ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಕತ್ತರಿಸಿಕೊಟ್ಟ. ಪೆಟ್ರೋಲ್ ಬರುವ ಜೆಟ್ಟಿನ ತೂತನ್ನು ಇವರು ಸೂಜಿಯಷ್ಟು ಸಣ್ಣ ಡ್ರಿಲ್ಲಿನಿಂದ, ಕೈಯಲ್ಲೇ ತಿರುಗಿಸಿ, ಹಿಗ್ಗಿಸುತ್ತಿದ್ದರು. ಆಗ ಅವರ ನಾಲಿಗೆಯ ತುದಿ ತುಟಿಯಾಚೆ ಬಂದಿರುತ್ತಿತ್ತು. ಎಷ್ಟೋ ವರ್ಷದಿಂದ ಅವರನ್ನು ಹಾಗೆ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬಹಳ ಸಂತೋಷವಾಗುತ್ತಿತ್ತು.

ಇನ್ನುಳಿದದ್ದು ಒಂದೇ, ನಾಕಿಂಗು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ, ಇಲ್ಲ ಕಿಡಿ ಸ್ವಲ್ಪ ಬೇಗ ಬಂದರೆ, ಇಂಜಿನ್ನಿನೊಳಗೆ ಬೆಂಕಿ ಹೊತ್ತುವ ಬದಲು ಸಿಡಿಯುತ್ತದೆ. ಅದರ ಸದ್ದು ತೀರಾ ಸಣ್ಣದು, ಡಬ್ಬಿಯಲ್ಲಿ ಗುಂಡುಸೂಜಿ ಕುಲುಕಿದ ಹಾಗೆ. ಒಂದೆರಡು ಸಲ ಬಂದು ಹೋದರೆ ಏನೂ ಇಲ್ಲ. ಹತ್ತು ಸೆಕೆಂಡು ಹಾಗೇ ಬಿಟ್ಟರೆ ಪಿಸ್ಟನ್ ತೂತು. ಹಿಂದೆ ಇವರು ಆ ಸದ್ದನ್ನು ಬೀದಿಯಾಚೆಯಿಂದ ಹಿಡಿಯುತ್ತಿದ್ದರು. ಈಗ ಇವರಿಗೆ ಮೊದಲು ಹೋದದ್ದೇ ಆ ಸಣ್ಣ ಸದ್ದು.

ಅದಕ್ಕೆ ಇವರೇ ಉಪಾಯ ಕಂಡುಕೊಂಡರು. ಒಂದು ತಾಮ್ರದ ಕೊಳವೆಯ ತುದಿ ಚಪ್ಪಟೆ ಮಾಡಿ ಇಂಜಿನ್ನಿನ ಮೈಗೆ ಬೋಲ್ಟು ಹಾಕಿ ಬಿಗಿದರು. ಅದಕ್ಕೆ ರಬ್ಬರ್ ಪೈಪು, ಪೈಪಿನ ಇನ್ನೊಂದು ತುದಿಗೆ ಕಿವಿ ಮುಚ್ಚುವ ದಪ್ಪ ಬಟ್ಟಲುಗಳು. ಅದನ್ನು ಹಾಕಿಕೊಂಡರೆ ಇಂಜಿನ್ನಿನ ಹೊಟ್ಟೆಯೊಳಗೇ ಕೂತ ಹಾಗಿರುತ್ತದೆ. ನಾನು ಪಕ್ಕದ ಸೀಟಿನಲ್ಲಿ ಕೂತು ಕೇಳಬೇಕು. ನನ್ನ ಕೈ ಅವರ ತೋಳಿನ ಮೇಲಿರಬೇಕು. ಗುಂಡುಸೂಜಿ ಸದ್ದು ಬಂದ ತಕ್ಷಣ ತೋಳು ಒತ್ತಬೇಕು. ಅವರು ಆಕ್ಸಿಲರೇಟರಿನಿಂದ ಕಾಲೆತ್ತುತ್ತಾರೆ.

"ನೀನು ಒತ್ತಿದ್ರೆ ನಾನು ಏನೂ ಕೇಳಲ್ಲ, ಕಾಲು ಎತ್ತಿಬಿಡ್ತೀನಿ" ಎಂದರು. "ನೀನು ಒತ್ತದೇ ಇದ್ರೆ ಹೋಗ್ತಾನೇ ಇರ್ತೀನಿ. ಗೊತ್ತಾಯ್ತಾ?"

"ನಾನೇನು ಸ್ಕೂಲಿಗೆ ಹೋಗೋ ಮಗೂನಾ? ಗೊತ್ತಾಯ್ತು ಬಿಡಿ."

ನಮ್ಮ ಬೀದಿ ಮುಗಿಯುವಲ್ಲಿಂದ ಏರು ಶುರು. ಒಂದು ಕಡೆ ಕಲ್ಲಿನ ಗೋಡೆ, ಒಂದು ಕಡೆ ಖಾಲಿ ಗೋದಾಮುಗಳು. ಅರ್ಧಕ್ಕೆ ಹೋದ ಮೇಲೆ ಎಡಕ್ಕೊಂದು ತಿರುವು, ಅದಾದ ಮೇಲೆ ಟ್ಯಾಂಕಿನ ಗೇಟಿನ ತನಕ ನೇರ ಕಡಿದಾದ ದಾರಿ. ಒಂದು ವಾರ ದಿನಾ ಬೆಳಿಗ್ಗೆ ಹೋದೆವು. ಮೊದಲ ದಿನ ಗೋದಾಮು ದಾಟುವ ಮೊದಲೇ ಒತ್ತಿದೆ. ವಾಪಸ್ಸು ಬಂದು ಜೆಟ್ ಹಿಗ್ಗಿಸಿದರು. ಮತ್ತೆ ಹೋದೆವು, ಮತ್ತೆ ಒತ್ತಿದೆ. ಕಿಡಿಯ ಸಮಯ ಒಂದು ಕೂದಲಿನಷ್ಟು ಹಿಂದೆ ಹಾಕಿದರು. ಮತ್ತೆ ಒತ್ತಿದೆ. ಹನ್ನೊಂದು ಸಲ ಹೋದೆವು, ಹನ್ನೊಂದು ಸಲ ಒತ್ತಿದೆ. ಪ್ರತಿ ಸಲವೂ ಅವರ ಕಾಲು ಮೇಲೆ ಬರುತ್ತಿತ್ತು, ಮುಖ ಕೆಳಗೆ ಹೋಗುತ್ತಿತ್ತು. ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಕೆಟ್ಟ ಸುದ್ದಿ ಹೇಳುವ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದ ನನಗೆ, ಒಂದೇ ವಾರದಲ್ಲಿ ಹನ್ನೊಂದು ಸಲ ಹೇಳಬೇಕಾಗಿ ಬಂದಿತ್ತು.

ಹನ್ನೆರಡನೆಯ ಸಲ ಮೋಡ ಮುಚ್ಚಿದ ಬೆಳಿಗ್ಗೆ. ತಣ್ಣನೆ ಗಾಳಿಗೆ ಇಂಜಿನ್ ಹಗುರಾಗಿತ್ತು. ಗೋದಾಮು ದಾಟಿತು, ಸದ್ದಿಲ್ಲ. ಟರ್ಬೋ ಸಿಳ್ಳೆ ಹಾಕಲು ಶುರುಮಾಡಿತು. ಅರ್ಧ ಏರು ಮುಗಿಯಿತು, ಸದ್ದಿಲ್ಲ. ಟಾಪ್ ಗೇರಿನಲ್ಲೇ, ನಡುಗದೆ, ಯಾರೋ ಹಿಂದಿನಿಂದ ದೂಡುತ್ತಿರುವ ಹಾಗೆ ಹೋಗುತ್ತಿತ್ತು. ನಮ್ಮವರು ನಕ್ಕರು. ಬಾಯಿ ತೆರೆದು, ಹಲ್ಲೆಲ್ಲ ಕಾಣುವ ಹಾಗೆ. "ನೋಡೇ! ಹೆಂಗೆ ಹೋಗ್ತಿದೆ ನೋಡೇ!" ಎಂದು ಕೂಗಿದರು.

ತಿರುವಿನಲ್ಲಿ ಗುಂಡುಸೂಜಿ ಬಂತು.

ಕೇಳಿಸಲಿಲ್ಲ ಎಂದು ಹೇಳಲಾರೆ. ಸ್ಪಷ್ಟವಾಗಿ ಕೇಳಿಸಿತು. ಬೆರಳು ಒತ್ತಲು ಸಿದ್ಧವೂ ಆಯಿತು. ಅವರ ಮುಖ ನೋಡಿದೆ. ಗೇಟು ಅಲ್ಲೇ ಕಾಣುತ್ತಿತ್ತು, ಇನ್ನೇನು ಬಂದೇಬಿಟ್ಟಿತು. ಅಷ್ಟು ದೂರ ತಾನೇ, ಅಲ್ಲಿಯ ತನಕ ತಡೆದುಕೊಳ್ಳುತ್ತದೆ, ಒಂದು ಸಲ ಗೆಲ್ಲಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು, ನಾಳೆ ಜೆಟ್ ಸರಿ ಮಾಡಿದರಾಯಿತು ಎಂದುಕೊಂಡೆ. ಗಿರಾಕಿಯ ಮಾತು ಸೋಸಿದ ಹಾಗೆಯೇ, ಅಷ್ಟೇ ಸಲೀಸಾಗಿ, ನನ್ನ ಬೆರಳು ಸುಮ್ಮನಾಯಿತು. ಒಳಗೆ ಸೂಜಿಗಳು ಹೆಚ್ಚಾದವು, ದಪ್ಪವಾದವು. ಮೊಳೆ ಕುಲುಕಿದ ಹಾಗಾಯಿತು. ಗೇಟಿಗೆ ಇಪ್ಪತ್ತು ಹೆಜ್ಜೆ ಇದ್ದಾಗ ಢಬ್ ಎಂದಿತು. ಹಿಂದೆಲ್ಲ ನೀಲಿ ಹೊಗೆ. ಕಾರು ಮುಗ್ಗರಿಸಿ ನಿಂತು, ಹಿಂದಕ್ಕೆ ಜಾರಲು ಶುರುವಾಯಿತು. ಅವರು ಹ್ಯಾಂಡ್‌ಬ್ರೇಕ್ ಎಳೆದರು.

ಕೀಲಿ ತಿರುಗಿಸಿ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಸದ್ದು ಬಂತಾ?" ಎಂದು ಕೇಳಿದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

ಕಾರನ್ನು ಹಗ್ಗ ಕಟ್ಟಿ ಎಳೆದು ತಂದೆವು. ಇವರು ಮಧ್ಯಾಹ್ನದೊಳಗೆ ಹೆಡ್ ಬಿಚ್ಚಿದರು. ಮೂರನೇ ಪಿಸ್ಟನ್ನಿನ ಅಂಚು ಇಲಿ ಕಡಿದ ಹಾಗೆ ಕಿತ್ತುಹೋಗಿತ್ತು, ಮೇಲೆಲ್ಲ ಚುಕ್ಕೆ ಚುಕ್ಕೆ ಗುಳಿ, ಒಂದು ಕಡೆ ತೂತು. ನನ್ನಂಥವಳಿಗೂ ಗೊತ್ತಾಗುವ ಗುರುತು ಅದು. ಇವರಿಗೆ ಗೊತ್ತಾಗದೆ ಇರುತ್ತದೆಯೇ? ಪಿಸ್ಟನ್ನನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಅಂಚನ್ನು ಉಗುರಿನಿಂದ ಸವರಿದರು.

"ನೋಡಿದ್ರೆ ನಾಕಿಂಗೇ ಅನ್ಸತ್ತೆ" ಎಂದರು. "ಆದ್ರೆ ಸದ್ದು ಬರಲಿಲ್ಲ ಅಂತೀಯಲ್ಲ."

ನಾನು ಬೆಂಚಿನ ಮೇಲಿನ ನಟ್ಟುಗಳನ್ನು ಡಬ್ಬಿಗೆ ತುಂಬತೊಡಗಿದೆ.

"ಹಂಗಾದ್ರೆ ಈ ಪಿಸ್ಟನ್ ಮೊದಲೇ ಬಿರುಕು ಬಿಟ್ಟಿತ್ತು. ಹಾಕೋವಾಗ ನಾನು ನೋಡಲಿಲ್ಲ. ಕೈಯಲ್ಲಿ ಹಿಡಿದು, ತೊಳೆದು, ಒರೆಸಿ ಹಾಕಿದ್ದೀನಿ, ಆದ್ರೂ ನೋಡಲಿಲ್ಲ."

ಅಷ್ಟರಲ್ಲಿ ಲೇತಿನವನು ಬಂದ. ಪಿಸ್ಟನ್ ಕೈಗೆ ತೆಗೆದುಕೊಂಡವನೇ, "ಇದಕ್ಕೆ ಪಂಚಾಂಗ ನೋಡಬೇಕಾ? ನಾಕಿಂಗು, ಅದೂ ಹಿಡಿ ತುಂಬ! ಪೈಪು ಹಾಕ್ಕೊಂಡು ಕೂತವರು ಏನು ನಿದ್ದೆ ಮಾಡ್ತಿದ್ರಾ?" ಎಂದ. ಆಮೇಲೆ ಅಲ್ಲಿ ಕೂತಿದ್ದವಳು ನಾನೇ ಎಂದು ನೆನಪಾಗಿ ನನ್ನ ಮುಖ ನೋಡಿದ.

ಇವರೂ ನನ್ನ ಮುಖವನ್ನೇ ನೋಡುತ್ತಿದ್ದರು, ಅವನು ಏನಂದ ಎಂದು ತಿಳಿಯಲು.

"ಹಳೇ ಪಿಸ್ಟನ್ನು, ಹಿಂಗೇ ಅಂತ ಹೇಳೋಕಾಗಲ್ಲ ಅಂತಾನೆ" ಎಂದೆ.

ಲೇತಿನವನ ಬಾಯಿ ತೆರೆದದ್ದು ತೆರೆದೇ ಇತ್ತು. ಇಷ್ಟು ವರ್ಷ ನಾನು ಅವನ ಮಾತಿಗೆ ಏನು ಮಾಡುತ್ತಿದ್ದೆ ಎಂದು ಅವನಿಗೆ ಅವತ್ತು ಗೊತ್ತಾಯಿತು. ಪಿಸ್ಟನ್ ಬೆಂಚಿನ ಮೇಲಿಟ್ಟು ಹೊರಟುಹೋದ.

ಮುಂದಿನ ನಾಲ್ಕು ದಿನ ಇವರು ಅದನ್ನೇ ಹಿಡಿದುಕೊಂಡರು. ಜೆಟ್ ಅಳೆದರು, ಪೆಟ್ಟಿಗೆ ಬಿಚ್ಚಿದರು, ಪೈಪುಗಳನ್ನು ನೀರಿಗೆ ಹಾಕಿ ಊದಿದರು. ಎಲ್ಲವೂ ಸರಿ. ಸರಿ ಇದ್ದಷ್ಟೂ ಇವರು ಕುಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಉಳಿದ ಮೂರು ಪಿಸ್ಟನ್ನುಗಳನ್ನು ನೋಡಿದ್ದನ್ನೇ ನೋಡುತ್ತಿದ್ದರು. "ಕಿವಿ ಹೋಯ್ತು, ಸರಿ. ಈಗ ಕಣ್ಣೂ ಕೈಯೂ ಮೋಸ ಮಾಡ್ತಿವೆ" ಎಂದರು ಒಂದು ಸಂಜೆ. ನಾನು ಪಾತ್ರೆ ತೊಳೆಯುತ್ತಿದ್ದೆ, ಕೇಳಿಸದವಳ ಹಾಗೆ ಇದ್ದೆ. ನಮ್ಮ ಮನೆಯಲ್ಲಿ ನಿಜವಾದ ಕಿವುಡಿ ನಾನೇ ಆಗಿದ್ದೆ ಆ ನಾಲ್ಕು ದಿನ.

ಐದನೆಯ ದಿನ ಮಧ್ಯಾಹ್ನ ಊಟಕ್ಕೆ ಕರೆಯಲು ಶೆಡ್ಡಿಗೆ ಹೋದೆ. ಗೋಡೆಯ ಮೊಳೆಗಳು ಖಾಲಿಯಾಗಿದ್ದವು. ಸ್ಪ್ಯಾನರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಸೈಜಿನ ಪ್ರಕಾರ ಜೋಡಿಸಿ, ಹಳೇ ಪಂಚೆಯಲ್ಲಿ ಸುತ್ತುತ್ತಿದ್ದರು.

"ಲೇತಿನವನಿಗೆ ಕೊಡ್ತೀನಿ. ಅವನಿಗಾದ್ರೂ ಉಪಯೋಗಕ್ಕೆ ಬರಲಿ" ಎಂದರು.

ನಾನು ಅವರೆದುರು ಕೂತೆ. ಕೈ ಹಿಡಿದು ಮುಖ ನನ್ನ ಕಡೆ ತಿರುಗಿಸಿಕೊಂಡೆ.

"ಅವತ್ತು ಸದ್ದು ಬಂದಿತ್ತು ರೀ."

ಅವರು ಹುಬ್ಬು ಗಂಟಿಕ್ಕಿದರು. "ಏನು?"

"ಏರಿನಲ್ಲಿ. ಸದ್ದು ಬಂದಿತ್ತು. ನಾನು ಒತ್ತಲಿಲ್ಲ."

"ಇನ್ನೊಂದ್ಸಲ ಹೇಳು."

ತುಟಿ ಅಗಲಿಸಿ, ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ, ಮೂರನೆಯ ಸಲ ಹೇಳಿದೆ. ಹೇಳುತ್ತಾ ಹೇಳುತ್ತಾ ದನಿ ಏರಿ ಕೂಗಿಯೇಬಿಟ್ಟೆ. ಗೋಡೆಯಾಚೆ ಲೇತು ನಿಂತಿತು. ಈ ಸಲ ಮತ್ತೆ ಶುರುವಾಗಲಿಲ್ಲ.

"ಎಷ್ಟು ಹೊತ್ತು?" ಎಂದು ಕೇಳಿದರು.

"ತಿರುವಿನಿಂದ."

"ತಿರುವಿನಿಂದಾ." ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದರು. "ಅಷ್ಟು ಹೊತ್ತಾ?"

"ನೀವು ನಗ್ತಿದ್ರಿ. ಎಷ್ಟೋ ವರ್ಷ ಆಗಿತ್ತು ನೀವು ಹಂಗೆ ನಕ್ಕು. ಗೇಟು ಅಲ್ಲೇ ಇತ್ತಲ್ಲ, ಗೆದ್ದುಬಿಡಲಿ ಅಂತ..." ಎಂದೆ.

"ಬೈದಾದ್ರೂ ಬಿಡಿ ರೀ" ಎಂದೆ ಆಮೇಲೆ. ಅವರು ಬೈಯಲಿಲ್ಲ. ಪಂಚೆಯ ಗಂಟನ್ನೇ ನೋಡುತ್ತಾ ಮಾತಾಡಿದರು, ಅದೂ ಮೆಲ್ಲಗೆ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿ ಆರೇಳು ವರ್ಷವಾಗಿತ್ತು.

"ಪಿಸ್ಟನ್ ನಿಜ ಹೇಳ್ತಿತ್ತು. ಮೂವತ್ತೈದು ವರ್ಷ ಪಿಸ್ಟನ್ ಓದಿದ್ದೀನಿ, ಅದು ಯಾವತ್ತೂ ನನಗೆ ಸುಳ್ಳು ಹೇಳಿಲ್ಲ. ಅದನ್ನ ಬಿಟ್ಟು ನಿನ್ನ ಮಾತು ನಂಬಿದೆ."

ಆಮೇಲೆ ತಲೆಯೆತ್ತಿದರು. "ಲೇತಿನವನು ಅವತ್ತು ನಿಜವಾಗಿ ಏನಂದ?"

ಹೇಳಿದೆ. ನಿದ್ದೆ ಮಾಡುತ್ತಿದ್ದರಾ ಎಂದು ಕೇಳಿದ್ದನ್ನೂ ಹೇಳಿದೆ.

"ಪೆಟ್ಟಿಗೆ ನೋಡಿ ಏನಂದಿದ್ದ?"

"ತಿಂಡಿ ಡಬ್ಬಿ ಅಂದಿದ್ದ."

ಅವರ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ಅದನ್ನು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು, ನನ್ನ ಮೇಲೆಯೇ. ಆ ಮಾತಿಗೆ ಅವರಿಗೆ ನೋವೇನೂ ಆಗುತ್ತಿರಲಿಲ್ಲ. ಅವತ್ತೇ ಹೇಳಿದ್ದರೆ ಮೂವರೂ ಕೂತು ನಗಬಹುದಿತ್ತು. ಇಂಥ ನಗು ಇನ್ನೆಷ್ಟನ್ನು ನಾನು ಸೋಸಿ ಚೆಲ್ಲಿದ್ದೆನೋ.

"ಡಾಕ್ಟರು?" ಎಂದರು.

ಇದನ್ನು ಕೇಳುತ್ತಾರೆ ಎಂದು ಗೊತ್ತಿತ್ತು. "ವರ್ಷದೊಳಗೆ ಪೂರ್ತಿ ಹೋಗತ್ತೆ ಅಂದ್ರು."

"ಅವರು ಹೇಳಿ ಎಂಟು ತಿಂಗಳಾಯ್ತು. ಹಂಗಾದ್ರೆ ಇನ್ನು ನಾಲ್ಕು ತಿಂಗಳು" ಎಂದರು. ಎದ್ದು, ಗಂಟು ಬಿಚ್ಚಿ, ಸ್ಪ್ಯಾನರುಗಳನ್ನು ಒಂದೊಂದಾಗಿ ಗೋಡೆಯ ಮೊಳೆಗೆ ನೇತುಹಾಕಲು ಶುರುಮಾಡಿದರು. ತಪ್ಪು ತಮ್ಮ ಕೈಯದಲ್ಲ ಎಂದು ಗೊತ್ತಾಯಿತಲ್ಲ, ಅಷ್ಟು ಸಾಕಾಗಿತ್ತು ಅವರಿಗೆ. ಸದ್ಯ, ಮನುಷ್ಯ ಉಳಿದರು ಎಂದುಕೊಂಡೆ. ನನ್ನನ್ನು ಕ್ಷಮಿಸಿದರು ಎಂದೂ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಹೊಸ ಪಿಸ್ಟನ್ ತರಿಸಿ ಇಂಜಿನ್ ಮತ್ತೆ ಕಟ್ಟಲು ಮೂರು ವಾರ ಹಿಡಿಯಿತು. ಇವರು ಎಂದಿನಂತೆ ಉಂಡರು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗಿದರು, ನಾನು ಗ್ಯಾಸ್ಕೆಟ್ ಕತ್ತರಿಸಿಕೊಟ್ಟರೆ ತೆಗೆದುಕೊಂಡರು. ಬದಲಾದದ್ದು ಒಂದೇ. ಒಂದು ದಿನ ಗಿರಾಕಿಯೊಬ್ಬ ಬಂದು ಏನೋ ಹೇಳಿದಾಗ ನಾನು ಅಭ್ಯಾಸಬಲದಿಂದ ಮುಂದೆ ಬಂದೆ. ಇವರು ಕೈ ಅಡ್ಡ ಹಿಡಿದು, ಅವನಿಗೆ, "ನನ್ನ ಮುಖ ನೋಡ್ಕೊಂಡು ನಿಧಾನಕ್ಕೆ ಹೇಳಿ. ನನಗೆ ಕಿವಿ ಕೇಳಲ್ಲ" ಎಂದರು. ಬೀದಿಯಲ್ಲಿ ಇಷ್ಟು ವರ್ಷ ನಡೆದ ನಾಟಕ ಒಂದೇ ಮಾತಿಗೆ ಮುಗಿಯಿತು. ಗಿರಾಕಿ ತೊದಲುತ್ತಾ ಎರಡು ಮೂರು ಸಲ ಹೇಳಿದ. ಇವರು ಅರ್ಧ ತಪ್ಪು ತಿಳಿದರು, ಮತ್ತೆ ಕೇಳಿದರು, ಕೊನೆಗೆ ಹಿಡಿದರು. ಸಂಜೆ ಹೊತ್ತು ಲೇತಿನವನ ಅಂಗಡಿಯಲ್ಲಿ ಕೂತು, ಅವನ ಬಾಯನ್ನೇ ನೋಡುತ್ತಾ ಮಾತಾಡುವುದನ್ನು ಕಲಿತರು. ಅವನ ಬಾಯಿ ದೊಡ್ಡದು, ಓದಲು ಸುಲಭ.

ಏರಿಗೆ ಹೋಗುವ ದಿನ ನಾನು ಬೇಗ ಎದ್ದು, ಅಡುಗೆ ಮುಗಿಸಿ, ಕೈ ಒರೆಸಿಕೊಂಡು ಶೆಡ್ಡಿಗೆ ಬಂದೆ. ಕಿವಿಯ ಬಟ್ಟಲುಗಳನ್ನು ಸೀಟಿನಿಂದ ಎತ್ತಿಕೊಂಡೆ. ಈ ಸಲ ಒಂದೇ ಒಂದು ಸೂಜಿ ಅಲ್ಲಾಡಿದರೂ ತೋಳು ಮುರಿಯುವ ಹಾಗೆ ಒತ್ತುತ್ತೇನೆ ಎಂದು ರಾತ್ರಿಯಿಡೀ ಹೇಳಿಕೊಂಡಿದ್ದೆ. ಇವರು ಬಂದು ಅವನ್ನು ನನ್ನ ಕೈಯಿಂದ ತೆಗೆದುಕೊಂಡರು. ಕಸಿದುಕೊಳ್ಳಲಿಲ್ಲ, ಮೆಲ್ಲಗೇ ತೆಗೆದುಕೊಂಡರು. ಅಂಗಿಯ ತುದಿಯಿಂದ ಒರೆಸಿ, ಗೋಡೆಯ ಕಡೆ ತಿರುಗಿ ಲೇತಿನವನನ್ನು ಕೂಗಿದರು.

"ನೀನು ಕೂತ್ಕೋ ಬಾ."

ಅವನು ಬಂದು ನನ್ನನ್ನೂ ಅವರನ್ನೂ ನೋಡಿದ. "ಅತ್ತಿಗೆ ಇದಾರಲ್ಲಣ್ಣ" ಎಂದ. ಅವನ ಬಾಯಲ್ಲಿ ಅಷ್ಟು ಮೆತ್ತಗಿನ ಮಾತು ನಾನು ಕೇಳಿರಲಿಲ್ಲ.

"ನೀನು ಕೂತ್ಕೋ" ಎಂದರು ಇವರು ಮತ್ತೆ.

ಕಾರು ಹೋಯಿತು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತೆ. ಮೊದಲ ಸಲ ಅರ್ಧಕ್ಕೇ ವಾಪಸ್ಸು ಬಂದರು. ಲೇತಿನವನು ಸುತ್ತಿಗೆ ಹೊಡೆದ ಹಾಗೆ ಗುದ್ದಿದ್ದನಂತೆ, ಇವರು ತೋಳು ಉಜ್ಜಿಕೊಳ್ಳುತ್ತಾ ಇಳಿದರು. ಕಿಡಿ ಸರಿಮಾಡಿ ಮತ್ತೆ ಹೋದರು, ಮತ್ತೆ ಬಂದರು. ಜೆಟ್ ಬದಲಾಯಿಸಿ ಮೂರನೆಯ ಸಲ ಹೋದಾಗ ಟರ್ಬೋದ ಸಿಳ್ಳೆ ಗೋದಾಮು ದಾಟಿತು, ತಿರುವು ದಾಟಿತು, ಸಣ್ಣದಾಗುತ್ತಾ ಹೋಗಿ ಮೇಲೆ ಎಲ್ಲೋ ಗೇಟಿನ ಹತ್ತಿರ ನಿಂತಿತು. ಇಷ್ಟು ದೂರಕ್ಕೆ ಸೂಜಿಯ ಸದ್ದು ಕೇಳುವುದಿಲ್ಲ ಎಂದು ಗೊತ್ತಿದ್ದರೂ ಕಿವಿಗೊಟ್ಟು ಅದನ್ನೇ ಹುಡುಕುತ್ತಿದ್ದೆ. ಆಮೇಲೆ ಹಾರನ್ ಕೇಳಿಸಿತು, ಬಿಡದೆ ಹೊಡೆದರು.

ಕಾರು ಕೆಳಗೆ ಬರುವಷ್ಟರಲ್ಲಿ ಬೀದಿಯ ಏಳೆಂಟು ಜನ ಶೆಡ್ಡಿನ ಮುಂದೆ ಸೇರಿದ್ದರು. ವೆಲ್ಡಿಂಗಿನವನು, ಟೈರಿನಂಗಡಿಯವನು, ಪಕ್ಕದ ಮನೆಯವಳು ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಮ್ಮವರು ಇಳಿದರು, ಮುಖವೆಲ್ಲ ನಗು. ಟೈರಿನವನು ಅವರ ಕೈ ಹಿಡಿದು ಕುಲುಕುತ್ತಾ, "ಶೆಡ್ಡಿಗೆ ಬೀಗ ಬೀಳತ್ತೆ ಅಂತ ನಾವೆಲ್ಲ ಮಾತಾಡ್ಕೊಂಡಿದ್ವಿ, ನಮ್ಮ ಬಾಯಿಗೆ ಬೀಗ ಹಾಕಿದ್ರಿ!" ಎಂದ.

ನಮ್ಮವರಿಗೆ ಏನೂ ತಿಳಿಯಲಿಲ್ಲ. ನಗುತ್ತಲೇ ತಿರುಗಿ ನನ್ನ ಮುಖ ನೋಡಿದರು.

ನಾನು ತುಟಿ ತೆರೆದೆ. ಒಂದಕ್ಷರವೂ ಬಿಡದೆ, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುವವಳಿದ್ದೆ, ದೇವರಾಣೆ. ಅಷ್ಟರಲ್ಲಿ ಅವರಿಗೆ ನೆನಪಾಯಿತು. ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನ ತುಟಿಯಿಂದ ಸರಿದು ಲೇತಿನವನ ಬಾಯಿಯ ಮೇಲೆ ಹೋಗಿ ಕೂತಿತು. "ಏನಂತೋ?" ಎಂದು ಅವನನ್ನು ಕೇಳಿದರು.